ಮಗನ ಬೇಸ್‌ಬಾಲ್ ಕಾರ್ಡ್ ಹುಚ್ಚು: ಬಿಡಿಸಬೇಕಾ, ಬೆಳೆಸಬೇಕಾ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲೇ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ತಾಯಿಯೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಅವರ ಮಗನಿಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ಬೇಸ್‌ಬಾಲ್ ತಂಡ ಅಂದರೆ ಪ್ರಾಣ. ಹುಟ್ಟುಹಬ್ಬಕ್ಕೆ ಬಂದ ದುಡ್ಡೆಲ್ಲ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್ ಪ್ಯಾಕೆಟ್‌ಗೆ ಹೋಗುತ್ತಿದೆ, ಒಳಗೆ ಯಾರ ಕಾರ್ಡ್ ಇದೆ ಅಂತ ಒಡೆದ ಮೇಲೇ ಗೊತ್ತಾಗುವುದು. ಇದನ್ನು ಬಿಡಿಸಬೇಕಾ ಅಂತ ಅವರ ಪ್ರಶ್ನೆ. ಅರ್ಧ ಜನ "ಇದು ಜೂಜು, ಈಗಲೇ ಬಿಡಿಸಿ" ಅಂದಿದ್ದಾರೆ. ಉಳಿದವರು "ಇರಲಿ ಬಿಡಿ, ಮುಂದೆ ಒಳ್ಳೆ ರೇಟಿಗೆ ಮಾರಬಹುದು" ಅಂದಿದ್ದಾರೆ. ಇಬ್ಬರೂ ಮಾತಾಡಿದ್ದು ದುಡ್ಡಿನ ಬಗ್ಗೆ ಮಾತ್ರ. ಆ ಹುಡುಗ ಇಷ್ಟಪಡುತ್ತಿರುವ ತಂಡದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಇದೇ ಹುಚ್ಚು, ಮಗಳಿಗೆ. ನಾನು ದಾವಣಗೆರೆಯವನು, ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿ ಬೆಳೆದವನಲ್ಲ. ಬೇಸ್‌ಬಾಲ್ ಶುರುವಿನಲ್ಲಿ ಬೋರ್ ಹೊಡೆಸಿತು. ಅಷ್ಟು ಹೊತ್ತು ಕೂತರೂ ಕೆಲವು ಸಲ ಎರಡೇ ರನ್! ಆದರೆ ಇದು ಹೆಚ್ಚುಕಡಿಮೆ ದಿನಾ ನಡೆಯುವ ಆಟ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ತಂಡಕ್ಕೆ 162 ಪಂದ್ಯ. ಹಾಗಾಗಿ ಪಂದ್ಯಕ್ಕಿಂತ ಸುದ್ದಿಯೇ ಜಾಸ್ತಿ ರುಚಿ. ಯಾವ ಪಿಚರ್‌ಗೆ (ನಮ್ಮ ಬೌಲರ್ ತರಹ) ಮೊಣಕೈ ನೋವು, ಯಾರನ್ನು ಸ್ಯಾಕ್ರಮೆಂಟೊದ ಕಿರಿಯ ತಂಡಕ್ಕೆ ಕಳಿಸಿದರು, ಯಾರನ್ನು ಕೊಟ್ಟು ಯಾರನ್ನು ತಂದರು. 2025ರ ಜೂನ್‌ನಲ್ಲಿ ಬಾಸ್ಟನ್ ತಂಡದಿಂದ ರಫಾಯೆಲ್ ಡೆವರ್ಸ್ ಎಂಬ ದೊಡ್ಡ ಬ್ಯಾಟರ್‌ನನ್ನು ಜೈಂಟ್ಸ್ ತಂದ ಸುದ್ದಿ ಬಂದದ್ದು ಅಪ್ಪಂದಿರ ದಿನದ ಭಾನುವಾರ. ಅವತ್ತು ನಮ್ಮ ಮನೆಯಲ್ಲಿ ಅಪ್ಪನನ್ನು ಕೇಳುವವರೇ ಇರಲಿಲ್ಲ. ದಶಮಾಂಶದ ಲೆಕ್ಕ ಅವಳಿಗೆ ಬಂದದ್ದೂ ಬ್ಯಾಟಿಂಗ್ ಸರಾಸರಿ ನೋಡಿಯೇ.

ಆದರೆ ನಾನು ನಿಜವಾಗಿ ಹೇಳಬೇಕೆಂದಿರುವುದು ತಂಡದ ಹಳೆಯ ಕಥೆಗಳ ಬಗ್ಗೆ. ನಾವು ಇಲ್ಲಿಗೆ ಬಂದು ಮನೆ ತೆಗೆದುಕೊಳ್ಳುತ್ತೇವೆ, ಮಕ್ಕಳನ್ನು ಶಾಲೆಗೆ ಹಾಕುತ್ತೇವೆ. ಈ ಊರು ನಾವು ಬರುವ ಮುಂಚೆ ಹೇಗಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಮಗಳ ಕಾರ್ಡ್‌ಗಳ ಹಿಂದೆ ಬಿದ್ದು ನಾನೂ ಒಂದಿಷ್ಟು ತಿಳಿದುಕೊಂಡೆ.

ಜೈಂಟ್ಸ್ ಕೂಡ ಇಲ್ಲಿಗೆ ವಲಸೆ ಬಂದವರೇ. 1883ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ತಂಡ, 1958ರಲ್ಲಿ ಇಲ್ಲಿಗೆ ಬಂತು. ಅದೇ ವರ್ಷ ಅವರ ಹಳೇ ಎದುರಾಳಿ, ನ್ಯೂಯಾರ್ಕ್‌ನದೇ ಬ್ರೂಕ್ಲಿನ್‌ನ ಡಾಡ್ಜರ್ಸ್, ಲಾಸ್ ಏಂಜಲೀಸ್‌ಗೆ ಹೋಯಿತು. ಜಗಳವನ್ನೂ ಜೊತೆಗೇ ಕಟ್ಟಿಕೊಂಡು ಬಂದರು ಅನ್ನಿ. ಆಗ ಜೈಂಟ್ಸ್‌ನ ದೊಡ್ಡ ಹೆಸರು ವಿಲ್ಲಿ ಮೇಸ್. ಬೇಸ್‌ಬಾಲ್ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು, ಒಟ್ಟು 660 ಹೋಮ್ ರನ್ (ನಮ್ಮ ಸಿಕ್ಸರ್ ತರಹ). 1957ರ ನವೆಂಬರ್‌ನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದ ಮಿರಾಲೋಮ ಡ್ರೈವ್‌ನಲ್ಲಿ ಒಂದು ಮನೆ ನೋಡಿದರು. ಬೆಲೆ 37,500 ಡಾಲರ್. ಕೊಡಲು ದುಡ್ಡು ಕೈಯಲ್ಲಿತ್ತು. ಅಕ್ಕಪಕ್ಕದವರು ಕಪ್ಪು ಜನಕ್ಕೆ ಮಾರಬೇಡಿ ಎಂದು ಒತ್ತಾಯ ಮಾಡಿದರು, ಮಾಲೀಕ ಹಿಂದೆ ಸರಿದ. ಸುದ್ದಿ ಪತ್ರಿಕೆಗೆ ಬಂತು, ಊರಿನ ಮಾನ ಹೋಯಿತು, ಮೇಯರ್ ನಡುವೆ ಬಂದರು. ಆಮೇಲೆ ಮನೆ ಸಿಕ್ಕಿತು. ಮುಂದೆ ಯಾರೋ ಆ ಮನೆಯ ಕಿಟಕಿಗೆ ಬಾಟಲಿ ಎಸೆದದ್ದೂ ಆಯಿತು.

ಈಗ ಅದೇ ಊರಿನ ಕ್ರೀಡಾಂಗಣದ ವಿಳಾಸ 24, ವಿಲ್ಲಿ ಮೇಸ್ ಪ್ಲಾಜಾ. 24 ಅವರ ಜರ್ಸಿ ನಂಬರ್. ಬಾಗಿಲ ಮುಂದೆ ಅವರ ಪ್ರತಿಮೆ, ಸುತ್ತ 24 ತಾಳೆಮರ, ಬಲಗಡೆಯ ಗೋಡೆ 24 ಅಡಿ ಎತ್ತರ. ಮೇಸ್ 2024ರ ಜೂನ್ 18ರಂದು ತೀರಿಕೊಂಡರು, 93 ವರ್ಷ. ಅದಾದ ಎರಡೇ ದಿನಕ್ಕೆ ಜೈಂಟ್ಸ್ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿತು. ಮೇಸ್ ಹುಡುಗನಾಗಿದ್ದಾಗ ಕಪ್ಪು ಜನರದೇ ಲೀಗ್‌ನಲ್ಲಿ ಆಡಿದ ಹಳೇ ಮೈದಾನ ಅದು. ಪಂದ್ಯ ಮೊದಲೇ ನಿಗದಿಯಾಗಿತ್ತು, ಅವರ ಗೌರವಕ್ಕೇ ಇಟ್ಟದ್ದು. ಆ ರಾತ್ರಿ ಟೀವಿ ಮುಂದೆ ಮಗಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟರಲ್ಲಿ ಮಲಗುವ ಹೊತ್ತು ಮೀರಿತ್ತು. ಮನೆ ಬಾಡಿಗೆ, ನೆರೆಹೊರೆ, ಚರ್ಮದ ಬಣ್ಣ, ಇವೆಲ್ಲ ನಮ್ಮ ಮಕ್ಕಳಿಗೂ ಒಂದಲ್ಲ ಒಂದು ದಿನ ಎದುರಾಗುವ ಮಾತುಗಳೇ ಅಲ್ವಾ? ಪಾಠದ ಹಾಗೆ ಕೂರಿಸಿ ಹೇಳಿದ್ದರೆ ಐದು ನಿಮಿಷವೂ ಕೇಳುತ್ತಿರಲಿಲ್ಲ.

ಇನ್ನೊಂದು ಹೆಸರು ಮಸನೋರಿ ಮುರಕಾಮಿ. ಜಪಾನಿನಿಂದ ಬಂದು ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, ಆಡಿದ ಮೊದಲನೆಯವರು, 1964ರಲ್ಲಿ, ಇದೇ ಜೈಂಟ್ಸ್‌ಗೆ. ಆಗ ಅವರಿಗೆ ಇಪ್ಪತ್ತು ವರ್ಷ. ಮರುವರ್ಷದ ಸೀಸನ್ ಮುಗಿಸಿ ಊರಿಗೆ ಹೋದರು. ಎರಡನೆಯ ಜಪಾನಿ ಬರಲು 1995 ಆಯಿತು. ಈಗ ಕೊರಿಯಾದ ಜಂಗ್ ಹೂ ಲೀ ಇದ್ದಾರೆ. ಅವರಪ್ಪ ಅಲ್ಲಿ ದೊಡ್ಡ ಆಟಗಾರ, ಜನ ಕರೆಯುತ್ತಿದ್ದದ್ದು ಗಾಳಿಯ ಮಗ ಅಂತ. ಹಾಗಾಗಿ ಇವರು ಗಾಳಿಯ ಮೊಮ್ಮಗ. ನಮ್ಮ ಪಕ್ಕದ ಮನೆಯ ಕೊರಿಯನ್ ಅಜ್ಜಿಗೂ ನನ್ನ ಹೆಂಡತಿಗೂ ಮಾತು ಶುರುವಾದದ್ದು ಇವರ ದೆಸೆಯಿಂದ.

ಕಾಯುವ ವಿಷಯಕ್ಕೆ ಬಂದರೆ ಆರ್‌ಸಿಬಿ ಅಭಿಮಾನಿಗಳಿಗೆ ಈ ತಂಡ ತಕ್ಷಣ ಅರ್ಥವಾಗುತ್ತದೆ. ನಾವು "ಈ ಸಲ ಕಪ್ ನಮ್ದೇ" ಎನ್ನುತ್ತ 2008ರಿಂದ 2025ರವರೆಗೆ ಕಾದೆವು. ಇವರು 1958ರಿಂದ 2010ರವರೆಗೆ ಕಾದರು. ಇಲ್ಲಿ ಫೈನಲ್ ಅಂದರೆ ಒಂದೇ ಪಂದ್ಯವಲ್ಲ, ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್. 1962ರ ಫೈನಲ್‌ನ ಕೊನೇ ಪಂದ್ಯ 1-0ಯಿಂದ ಹೋಯಿತು. 1989ರಲ್ಲಿ ಕೊಲ್ಲಿಯ ಆಚೆ ದಡದ ಓಕ್ಲೆಂಡ್ ತಂಡದ ಮೇಲೆ ಫೈನಲ್. ಮೂರನೇ ಪಂದ್ಯ ಶುರುವಾಗಬೇಕು, ಸಂಜೆ 5:04ಕ್ಕೆ ಭೂಕಂಪ. ಹತ್ತು ದಿನ ಬಿಟ್ಟು ಆಡಿದರೂ ನಾಲ್ಕಕ್ಕೆ ನಾಲ್ಕೂ ಸೋತರು. 2002ರ ಫೈನಲ್‌ನ ಆರನೇ ಪಂದ್ಯದಲ್ಲಿ 5-0 ಮುಂದಿದ್ದು ಕೈಬಿಟ್ಟರು. ಕೊನೆಗೆ 2010, ಆಮೇಲೆ 2012, 2014. ಆಗ ವಿಕೆಟ್ ಕೀಪರ್ ತರಹ ಹಿಂದೆ ಕೂರುತ್ತಿದ್ದ ಬಸ್ಟರ್ ಪೋಸಿ ಈಗ ತಂಡ ಕಟ್ಟುವ ಮುಖ್ಯಸ್ಥ. ಮಗಳ ಹತ್ತಿರ ಅವರ ಕಾರ್ಡ್ ಇದೆ. "ಸಾಹೇಬರ ಹಳೇ ಫೋಟೋ" ಅಂತ ತಮಾಷೆ ಮಾಡುತ್ತಿರುತ್ತಾಳೆ.

ಈಗ ಸಾಮಾನುಗಳ ವಿಷಯ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ತಲೆಯಾಡಿಸುವ ಬಾಬಲ್‌ಹೆಡ್ ಗೊಂಬೆ ಇರಬಹುದು. ಈಗ ಎಲ್ಲ ತಂಡಗಳೂ ಪಂದ್ಯಕ್ಕೆ ಬಂದವರಿಗೆ ಹಂಚುತ್ತವೆ. ಈ ಹೊಸ ಅಲೆ ಎಬ್ಬಿಸಿದ್ದು ಜೈಂಟ್ಸ್. 1999ರ ಮೇ 9ರಂದು ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ 20,000 ಜನಕ್ಕೆ ವಿಲ್ಲಿ ಮೇಸ್ ಗೊಂಬೆ ಕೊಟ್ಟರು. ಕ್ಯಾಂಡಲ್‌ಸ್ಟಿಕ್ ಅವರ ಹಳೇ ಮೈದಾನ, ಚಳಿಗೂ ಗಾಳಿಗೂ ಕುಖ್ಯಾತ. 1983ರಿಂದ ಅಲ್ಲಿ ಒಂದು ಪಿನ್ ಕೊಡುತ್ತಿದ್ದರು. ರಾತ್ರಿ ಪಂದ್ಯ ಸಮವಾಗಿ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದರೆ, ಕೊನೆಯವರೆಗೆ ನಡುಗುತ್ತ ಕೂತವರಿಗೆ ಮಾತ್ರ. ಅದರ ಮೇಲೆ ಲ್ಯಾಟಿನ್‌ನಲ್ಲಿ "ಬಂದೆ, ನೋಡಿದೆ, ಬದುಕಿಕೊಂಡೆ" ಎಂದು ಬರೆದಿತ್ತು. ನನಗೆ ಇಡೀ ಬೇಸ್‌ಬಾಲ್ ಸಾಮಾನಿನಲ್ಲಿ ಇಷ್ಟವಾದದ್ದು ಇದೊಂದೇ. ಅವತ್ತು ಅದನ್ನು ದುಡ್ಡು ಕೊಟ್ಟು ಪಡೆಯುವ ಹಾಗಿರಲಿಲ್ಲ. ಕೂತೇ ಗಳಿಸಬೇಕಿತ್ತು.

ಹೋದ ಬೇಸಿಗೆಯಲ್ಲಿ ನಮ್ಮಪ್ಪ ಊರಿಂದ ಬಂದಿದ್ದರು. ಮೈದಾನಕ್ಕೆ ಕರೆದುಕೊಂಡು ಹೋದೆವು. ಚೆಂಡು ಗ್ಯಾಲರಿಗೆ ಬಂತು, ಒಬ್ಬ ಹುಡುಗ ಹಿಡಿದು ಬ್ಯಾಗಿಗೆ ಹಾಕಿಕೊಂಡ. ಅಪ್ಪನಿಗೆ ಗಾಬರಿ. "ಏ, ವಾಪಸ್ ಎಸಿ ಅನ್ರೋ ಅವನಿಗೆ!" ಕ್ರಿಕೆಟ್‌ನಲ್ಲಿ ಎಸೆಯಲೇಬೇಕು ತಾನೇ. ಇಲ್ಲಿ ಹಿಡಿದವರಿಗೇ ಚೆಂಡು. ಅದರ ಹಿಂದೆಯೂ ಜೈಂಟ್ಸ್ ಕಥೆ ಇದೆ. 1921ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ರೂಬೆನ್ ಬರ್ಮನ್ ಎಂಬ ಪ್ರೇಕ್ಷಕ ಚೆಂಡು ವಾಪಸ್ ಕೊಡದೆ ಹಿಂದಿನ ಸಾಲಿಗೆ ಎಸೆದ. ಅವನನ್ನು ಹೊರಗೆ ಹಾಕಿದರು. ಅವನು ಕೋರ್ಟಿಗೆ ಹೋದ, ಗೆದ್ದ, 100 ಡಾಲರ್ ಸಿಕ್ಕಿತು. ಪ್ರೇಕ್ಷಕರು ಚೆಂಡು ಇಟ್ಟುಕೊಳ್ಳುವ ರೂಢಿ ಗಟ್ಟಿಯಾಗಲು ಆ ಕೇಸೂ ಒಂದು ಕಾರಣ.

ಎಂಬತ್ತು ವರ್ಷ ಬಿಟ್ಟು ಇನ್ನೊಂದು ಕೇಸು. 2001ರಲ್ಲಿ ಜೈಂಟ್ಸ್‌ನ ಬ್ಯಾರಿ ಬಾಂಡ್ಸ್ ಒಂದೇ ಸೀಸನ್‌ನಲ್ಲಿ 73 ಹೋಮ್ ರನ್ ಹೊಡೆದರು. ಆ 73ನೇ ಚೆಂಡು ಗ್ಯಾಲರಿಯಲ್ಲಿದ್ದ ಒಬ್ಬರ ಗ್ಲೌಸ್‌ಗೆ ಬಿತ್ತು. ಜನ ಮುಗಿಬಿದ್ದರು. ಗುಂಪು ಕರಗಿದಾಗ ಚೆಂಡು ಇನ್ನೊಬ್ಬರ ಕೈಯಲ್ಲಿತ್ತು. ವರ್ಷಕ್ಕಿಂತ ಜಾಸ್ತಿ ಕೇಸು ನಡೆಯಿತು. ಚೆಂಡನ್ನು ಮಾರಿ ದುಡ್ಡು ಸಮಪಾಲು ಮಾಡಿಕೊಳ್ಳಿ ಅಂದರು ಜಡ್ಜ್. ಹತ್ತು ಲಕ್ಷ ಡಾಲರ್ ದಾಟಬಹುದೆಂದು ಲೆಕ್ಕ ಹಾಕಿದ್ದರು, ಬಂದದ್ದು 4,50,000. ವಕೀಲರ ಫೀಸು ನೀವೇ ಊಹಿಸಿಕೊಳ್ಳಿ. 2007ರಲ್ಲಿ ಅದೇ ಬಾಂಡ್ಸ್ ಸಾರ್ವಕಾಲಿಕ ದಾಖಲೆ ಮುರಿದ 756ನೇ ಹೋಮ್ ರನ್ನಿನ ಚೆಂಡನ್ನು ಫ್ಯಾಷನ್ ಡಿಸೈನರ್ ಒಬ್ಬರು 7,52,467 ಡಾಲರ್‌ಗೆ ಕೊಂಡರು. ಏನು ಮಾಡಲಿ ಎಂದು ಜನರ ಮತ ಕೇಳಿದರು. ಬಾಂಡ್ಸ್ ಮೇಲೆ ಸ್ಟೀರಾಯ್ಡ್ ಆರೋಪ ಇತ್ತಲ್ಲ, ಅದಕ್ಕೆ ಚೆಂಡಿನ ಮೇಲೆ, ಈ ದಾಖಲೆಯ ಮೇಲೆ ಅನುಮಾನ ಇದೆ ಅನ್ನುವ ನಕ್ಷತ್ರದ ಗುರುತು (*) ಕೊರೆಸಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಂಗೆ ಕಳಿಸಿದರು. ನಮ್ಮ ಮನೆಯಲ್ಲಿ ಇದು ಇನ್ನೂ ಮುಗಿಯದ ಜಗಳ. ಮಗಳ ಪ್ರಕಾರ ಅದು ಅನ್ಯಾಯ. ನನ್ನ ಪ್ರಕಾರ ಸರಿಯಾಗಿತ್ತು.

"ಮುಂದೆ ಮಾರಬಹುದು" ಅಂದವರಿಗೆ ಒಂದು ಮಾತು. 2022ರಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಹಳೇ ಆಟಗಾರನ 1952ರ ಕಾರ್ಡ್ ಒಂದು 1.26 ಕೋಟಿ ಡಾಲರ್‌ಗೆ ಹೋಯಿತು, ನಿಜ. ಯಾಕೆ ಅಷ್ಟು ಬೆಲೆ? ಆ ಕಾಲದಲ್ಲಿ ಅವನ್ನು ಯಾರೂ ಜೋಪಾನ ಮಾಡಲಿಲ್ಲ. ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿಕೊಂಡರು, ಅಮ್ಮಂದಿರು ಕಸಕ್ಕೆ ಹಾಕಿದರು, ಮಾರಾಟವಾಗದ ಪೆಟ್ಟಿಗೆಗಳನ್ನು ಕಾರ್ಡ್ ತಯಾರಿಸಿದ ಟಾಪ್ಸ್ ಕಂಪನಿಯೇ 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಯಿತು. ಆ ಬೆಲೆ ನೋಡಿ 1980ರ ದಶಕದ ಕೊನೆಯಲ್ಲಿ ಎಲ್ಲರೂ ಜೋಪಾನ ಮಾಡತೊಡಗಿದರು, ಕಂಪನಿಗಳೂ ಬೇಕಾಬಿಟ್ಟಿ ಅಚ್ಚು ಹಾಕಿದವು. ಆ ಕಾಲದ ಕಾರ್ಡ್‌ಗಳನ್ನು ಇವತ್ತು ಹೆಚ್ಚುಕಡಿಮೆ ಕೇಳುವವರಿಲ್ಲ. ಇವತ್ತಿನ ಮಕ್ಕಳ ಕಾರ್ಡ್ ಪ್ಯಾಕೆಟ್ ಹೊರಬಂದ ಕ್ಷಣವೇ ಪ್ಲಾಸ್ಟಿಕ್ ಕವರ್ ಸೇರುತ್ತದೆ. ಮಗನ ಕಾಲೇಜು ಫೀಸು ಇದರಿಂದ ಬರುವುದಿಲ್ಲ.

"ಜೂಜು" ಅಂದವರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಆನ್‌ಲೈನ್‌ನಲ್ಲಿ ಬ್ರೇಕ್ ಅಂತ ನಡೆಸುತ್ತಾರೆ. ದುಡ್ಡು ಕಟ್ಟಿ ಒಂದು ತಂಡ ಆರಿಸಿಕೊಳ್ಳಬೇಕು, ಅವರು ಲೈವ್‌ನಲ್ಲಿ ಪೆಟ್ಟಿಗೆ ಒಡೆಯುತ್ತಾರೆ, ನಿಮ್ಮ ತಂಡದ ಕಾರ್ಡ್ ಬಂದರೆ ನಿಮಗೆ, ಬರದಿದ್ದರೆ ದುಡ್ಡು ಹೋಯಿತು. ಅದನ್ನು ಮಕ್ಕಳ ಹತ್ತಿರ ಸುಳಿಯಲೂ ಬಿಡಬೇಡಿ. ನಮ್ಮಲ್ಲಿ ಪ್ಯಾಕೆಟ್ ಅಪರೂಪಕ್ಕೆ ಮಾತ್ರ. ಬೇಕಾದ ಆಟಗಾರನ ಬಿಡಿ ಕಾರ್ಡ್ ಕೊಳ್ಳುತ್ತೇವೆ. ಸಾಧಾರಣ ಕಾರ್ಡ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕೊಳ್ಳುವ ಮುಂಚೆ ಆ ಆಟಗಾರನ ಒಂದು ಕಥೆ ಅವಳು ನನಗೆ ಹೇಳಬೇಕು, ಕನ್ನಡದಲ್ಲಿ.

ಸಹಿ ಹಾಕಿದ ಚೆಂಡು, ಬ್ಯಾಟುಗಳ ಬಗ್ಗೆ ಹುಷಾರು. ನಮ್ಮ ಪರಿಚಯದವರೊಬ್ಬರು ಆನ್‌ಲೈನ್‌ನಲ್ಲಿ ಕೊಂಡ ಚೆಂಡಿನ ಸಹಿ ಸುಳ್ಳು ಅಂತ ಆಮೇಲೆ ಗೊತ್ತಾಯಿತು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ಸುಳ್ಳು ಸಹಿ ಹಾಕಿ ಮಾರುವ ದೊಡ್ಡ ಜಾಲವನ್ನೇ ಹಿಡಿದಿತ್ತು. ಆಮೇಲೆ 2001ರಲ್ಲಿ ಮೇಜರ್ ಲೀಗ್ ತನ್ನದೇ ಪದ್ಧತಿ ತಂದಿತು. ಪ್ರತಿ ಪಂದ್ಯದಲ್ಲೂ ಒಬ್ಬರು ಸಾಕ್ಷಿಯಾಗಿ ಇರುತ್ತಾರೆ, ತುಂಬಾ ಜನ ಪೊಲೀಸ್ ಕೆಲಸ ಮಾಡಿದವರು. ಅವರ ಕಣ್ಣೆದುರೇ ನಡೆದದ್ದಕ್ಕೆ ಮಾತ್ರ ನಂಬರ್ ಇರುವ ಹೊಳೆಯುವ ಸ್ಟಿಕರ್. ಆ ನಂಬರ್ ಹಾಕಿ ನೋಡಿದರೆ ಯಾವ ಪಂದ್ಯದ್ದು ಅಂತ ಗೊತ್ತಾಗುತ್ತದೆ.

ಅದೇ ಚರ್ಚೆಯಲ್ಲಿ ಎ'ಸ್ (ಮೇಲೆ ಹೇಳಿದ ಓಕ್ಲೆಂಡ್ ತಂಡ) ಅಭಿಮಾನಿ ಹುಡುಗನೊಬ್ಬನ ಅಪ್ಪ ಕೇಳಿದ್ದರು, ತಂಡವೇ ಊರು ಬಿಟ್ಟರೆ ಏನು ಹೇಳುವುದು ಅಂತ. ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. 1968ರಿಂದ ಇದ್ದವರು, ಅಲ್ಲಿದ್ದಾಗ ನಾಲ್ಕು ಸಲ ಗೆದ್ದವರು, 2024ರ ಸೆಪ್ಟೆಂಬರ್ 26ಕ್ಕೆ ಕೊನೆಯ ಪಂದ್ಯ ಆಡಿ ಹೋದರು. ಈಗ ಸ್ಯಾಕ್ರಮೆಂಟೊ, ಮುಂದೆ ಲಾಸ್ ವೇಗಸ್. ಮೈದಾನದ ಮಣ್ಣು ತುಂಬಿಕೊಂಡು ಹೋದ ಅಭಿಮಾನಿಗಳಿದ್ದಾರೆ. ಹುಡುಗನ ಹಸಿರು ಟೋಪಿ ಬಿಸಾಡಬೇಡಿ, ಜೈಂಟ್ಸ್‌ಗೆ ಬದಲಾಯಿಸು ಅಂತಲೂ ಹೇಳಬೇಡಿ. ಅವನಿಗೆ ಸಿಟ್ಟು ಬರಲಿ, ಅದಕ್ಕೆ ಕಾರಣ ಇದೆ.

ಇದರಿಂದ ಮಕ್ಕಳು ಪೂರ್ತಿ ಅಮೆರಿಕನ್ ಆಗಿಬಿಡುತ್ತಾರೆ ಅನ್ನುವ ಕೆಲವರ ಹೆದರಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಮಗಳು ತಾತನ ಜೊತೆ ಫೋನಿನಲ್ಲಿ "ಊಟ ಆಯ್ತಾ" ಮುಗಿಸಿ ಮುಂದಕ್ಕೆ ಹೋಗುತ್ತಿರಲಿಲ್ಲ. ಈಗ ಪಿಚರ್‌ನ ಕರ್ವ್‌ಬಾಲ್ (ಬಾಗಿ ಬರುವ ಎಸೆತ) ಹೆಚ್ಚೋ ಚಂದ್ರಶೇಖರ್ ಗೂಗ್ಲಿ ಹೆಚ್ಚೋ ಅಂತ ಅವರಿಬ್ಬರೂ ಕನ್ನಡದಲ್ಲೇ ಕಿತ್ತಾಡುತ್ತಾರೆ.

ಟಿಕೆಟ್ ದುಬಾರಿ ಅಂದವರಿಗೆ: ಬಲಗಡೆಯ ಗೋಡೆಯ ಕೆಳಗೆ, ನೀರಿನ ಪಕ್ಕದ ಕಾಲುದಾರಿಯಲ್ಲಿ ಜಾಲರಿ ಕಿಂಡಿಗಳಿವೆ. ಅಲ್ಲಿ ನಿಂತು ಸ್ವಲ್ಪ ಹೊತ್ತು ಪುಕ್ಕಟೆ ನೋಡಬಹುದು. ಜನ ಜಾಸ್ತಿ ಇದ್ದರೆ ಸರದಿ ಇರುತ್ತದೆ. ಜಾಕೆಟ್ ಮರೆಯಬೇಡಿ, ಜುಲೈ ಆದರೂ ಸರಿ.

ಬರುವ ಶನಿವಾರ ಕನ್ನಡ ತರಗತಿ ಮುಗಿದ ಮೇಲೆ ಹೊರಗಿನ ಬೆಂಚುಗಳ ಹತ್ತಿರ ಕಾರ್ಡ್ ಬದಲಾಯಿಸಿಕೊಳ್ಳೋಣವೇ? ಮಕ್ಕಳು ಡಬಲ್ ಇರುವ ಕಾರ್ಡ್ ತರಲಿ. ಷರತ್ತು ಒಂದೇ. ಬೆಲೆ ಎಷ್ಟು ಅಂತ ಯಾವ ಅಪ್ಪ ಅಮ್ಮನೂ ಫೋನ್ ತೆಗೆದು ನೋಡುವಂತಿಲ್ಲ. ಬರುವವರು ಕೆಳಗೆ ಹೆಸರು ಹಾಕಿ. ಚುರುಮುರಿ ನಾನು ತರುತ್ತೇನೆ.