ಪ್ರಶ್ನೋತ್ತರ: ಎಚ್‌ಡಿ ಪ್ರಸಾರದ ಹಳೆಯ ಚಿತ್ರಗಳನ್ನು ರೆಕಾರ್ಡ್ ಮಾಡಿ ಇಡುವುದು

ಪ್ರಶ್ನೆ: ಟಿವಿಯಲ್ಲಿ ಎಚ್‌ಡಿಯಾಗಿ ಪ್ರಸಾರವಾಗುವ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಮನೆಯಲ್ಲಿ ಮತ್ತೆ ನೋಡಲೆಂದು ಟ್ಯೂನರ್ ಕಾರ್ಡಿನ (ಟಿವಿ ಸಂಕೇತವನ್ನು ಕಂಪ್ಯೂಟರಿಗೆ ತರುವ ಸಾಧನ) ಮೂಲಕ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಒಂದೊಂದು ಚಿತ್ರವೂ ಒಂಬತ್ತು, ಹತ್ತು ಗಿಗಾಬೈಟ್ ಜಾಗ ಹಿಡಿಯುವುದರಿಂದ ಕಡತವನ್ನು ಕುಗ್ಗಿಸಿ ಇಡಬಹುದೇ? ಪರದೆಯ ಎರಡೂ ಪಕ್ಕಗಳಲ್ಲಿ ಉಳಿಯುವ ಕಪ್ಪು ಪಟ್ಟಿಗಳನ್ನು ತೆಗೆಯಲು ಸಾಧ್ಯವೇ?

ಉತ್ತರ (ಪ್ರಸಾರ ತಂತ್ರಜ್ಞರು): ಎರಡನ್ನೂ ಮಾಡಬೇಡಿ. ಟ್ಯೂನರ್ ಕಾರ್ಡು ವಾಹಿನಿ ಕಳುಹಿಸಿದ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನು (ಚಿತ್ರ, ಧ್ವನಿಗಳನ್ನು ಹೊತ್ತ ಡಿಜಿಟಲ್ ಪ್ರವಾಹ) ಇದ್ದದ್ದು ಇದ್ದಂತೆಯೇ ಡಿಸ್ಕಿಗೆ ಇಳಿಸುವುದರಿಂದ ನಿಮ್ಮ ಪ್ರತಿಗೂ ಪ್ರಸಾರಕ್ಕೂ ಒಂದು ಬಿಟ್ಟಿನ ವ್ಯತ್ಯಾಸವೂ ಇರುವುದಿಲ್ಲ. ಪ್ರಸಾರಕ್ಕಾಗಿ ಈಗಾಗಲೇ ಒಮ್ಮೆ ಹಿಂಡಿದ ಚಿತ್ರವನ್ನು ನೀವು ಮತ್ತೊಮ್ಮೆ ಹಿಂಡಿದರೆ ಮೊದಲು ಬಲಿಯಾಗುವುದು ಫಿಲ್ಮಿನ ಕಣಗಳು, ಅಂದರೆ ಫಿಲ್ಮಿನಲ್ಲಿ ಸಹಜವಾಗಿ ಕಾಣುವ ನವಿರಾದ ಚುಕ್ಕೆಗಳು. ಮಬ್ಬು ಬೆಳಕಿನ ಕೋಣೆಯ ದೃಶ್ಯವೊಂದನ್ನು ನಿಲ್ಲಿಸಿ ನೋಡಿ, ನಟರ ಹಿಂದಿನ ಬೂದು ಗೋಡೆಯಲ್ಲಿ ಸಣ್ಣಗೆ ಅಲುಗುತ್ತಿದ್ದ ಕಣಗಳ ಜಾಗದಲ್ಲಿ ಚೌಕಚೌಕವಾದ ಕಲೆಗಳು ಕಾಣುತ್ತವೆ. ಸೆಕೆಂಡಿಗೆ 10 ಮೆಗಾಬಿಟ್ಟಿನ ಪ್ರಸಾರವಾದರೆ ಗಂಟೆಗೆ 4.5 ಗಿಗಾಬೈಟ್ ಬೇಕು, ಆದರೆ ಇಂದಿನ ಹಾರ್ಡ್ ಡಿಸ್ಕುಗಳಿಗೆ ಅದು ದೊಡ್ಡ ಹೊರೆಯೇನಲ್ಲ. ಡಿಸ್ಕನ್ನು ಫ್ಯಾಟ್ 32 ಮಾದರಿಯಲ್ಲಿ ಮಾತ್ರ ಫಾರ್ಮ್ಯಾಟ್ ಮಾಡಬೇಡಿ, ಏಕೆಂದರೆ ಅದರಲ್ಲಿ 4 ಗಿಗಾಬೈಟ್ ಮೀರಿದ ಕಡತ ಹಿಡಿಸದು.

ಇನ್ನು ಕಪ್ಪು ಪಟ್ಟಿಗಳು ದೋಷವಲ್ಲ, ವಾಹಿನಿಯವರು ಚಿತ್ರವನ್ನು ಗೌರವದಿಂದ ತೋರಿಸಿದ್ದಾರೆ ಎಂಬುದಕ್ಕೆ ಸಾಕ್ಷಿ. ಅಗಲ ಪರದೆಗಳು ಬರುವ ಮುನ್ನ ತಯಾರಾದ ಚಿತ್ರಗಳ ಚೌಕಟ್ಟು ಸಾಮಾನ್ಯವಾಗಿ 1.37:1 ಅನುಪಾತದ್ದು, 1920×1080ರ ಪರದೆಯಲ್ಲಿ ಅದು ಸುಮಾರು 1480 ಪಿಕ್ಸೆಲ್ ಅಗಲವನ್ನಷ್ಟೇ ತುಂಬುತ್ತದೆ. ಪಟ್ಟಿಗಳು ಮರೆಯಾಗುವಂತೆ ಹಿಗ್ಗಿಸಿದರೆ ಎತ್ತರದಲ್ಲಿ ಹೆಚ್ಚುಕಡಿಮೆ ಕಾಲು ಭಾಗವೇ ಕತ್ತರಿಸಿಹೋಗಿ, ಸಮೀಪದ ಚಿತ್ರಿಕೆಗಳಲ್ಲಿ ನಾಯಕಿಯ ಹಣೆಯೇ ಕಾಣೆಯಾಗುತ್ತದೆ.

ಮರುಪ್ರಶ್ನೆ: ಎರಡು ಗಂಟೆಯದೆಂದು ದಾಖಲಾಗಿರುವ ಚಿತ್ರವೊಂದು, ಜಾಹೀರಾತುಗಳನ್ನು ತೆಗೆದ ಮೇಲೆ, ನನ್ನ ಪ್ರತಿಯಲ್ಲಿ 115 ನಿಮಿಷಗಳಿಗೇ ಮುಗಿಯುತ್ತದೆ. ವಾಹಿನಿಯವರು ದೃಶ್ಯಗಳಿಗೆ ಕತ್ತರಿ ಹಾಕಿದ್ದಾರೆಯೇ?

ಉತ್ತರ: ಹಾಕಿರಲಾರರು ಎಂದೇ ನನ್ನ ಊಹೆ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ನಮ್ಮಲ್ಲಿರುವಂಥ 50 ಹರ್ಟ್ಸ್ ಪದ್ಧತಿಯ (ಸೆಕೆಂಡಿಗೆ 25 ಅಥವಾ 50 ಚಿತ್ರಗಳ) ಟಿವಿಯಲ್ಲಿ ಅದನ್ನು 25 ಚೌಕಟ್ಟುಗಳಂತೆ ಓಡಿಸುವ ರೂಢಿ ಇರುವುದರಿಂದ ಚಿತ್ರ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ಹಾಡುಗಳ ಶ್ರುತಿಯೂ ತುಸು ಮೇಲೇರಿರುತ್ತದೆ, ಸಂಗೀತದ ಕಿವಿ ಇರುವವರು ಇದನ್ನು ಮೊದಲ ಹಾಡಿನಲ್ಲೇ ಹಿಡಿಯುತ್ತಾರೆ. ಅನುಮಾನ ತೀರದಿದ್ದರೆ ಬೇರೊಂದು ಪ್ರತಿಯೊಡನೆ ದೃಶ್ಯದಿಂದ ದೃಶ್ಯಕ್ಕೆ ಹೋಲಿಸಿ ನೋಡಿ: ಎಲ್ಲ ದೃಶ್ಯಗಳೂ ಒಂದೇ ಪ್ರಮಾಣದಲ್ಲಿ ಕಿರಿದಾಗಿದ್ದರೆ ಅದು ವೇಗದ ಫಲ, ಕೊರತೆ ಒಂದೇ ಕಡೆ ಬಿದ್ದಿದ್ದರೆ ಕತ್ತರಿಯ ಕೆಲಸ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾನು ಸೆಟ್ ಟಾಪ್ ಬಾಕ್ಸಿನಲ್ಲೇ ರೆಕಾರ್ಡ್ ಮಾಡುತ್ತೇನೆ. ಆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದರೆ ಯಾವ ಕಡತವೂ ತೆರೆಯುವುದಿಲ್ಲವೇಕೆ?

ಉತ್ತರ: ಚಂದಾ ವಾಹಿನಿಗಳ ರೆಕಾರ್ಡಿಂಗನ್ನು ಬಾಕ್ಸು ಸಾಮಾನ್ಯವಾಗಿ ತನ್ನದೇ ಬೀಗದೊಡನೆ ಉಳಿಸುವುದರಿಂದ ಬೇರೆ ಯಂತ್ರಗಳು ಅದನ್ನು ಓದಲಾರವು, ಬಾಕ್ಸು ಕೆಟ್ಟರೆ ಸಂಗ್ರಹವೂ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಅಲ್ಲಿರುವುದನ್ನು ಬೇಗ ನೋಡಿ ಮುಗಿಸಿ. ಬಹುಕಾಲ ಉಳಿಸಿಕೊಳ್ಳಬೇಕೆನಿಸಿದ ಚಿತ್ರ ಡಿಸ್ಕಿನ ರೂಪದಲ್ಲಿ ಮಾರಾಟಕ್ಕಿದ್ದರೆ ಕೊಂಡುಬಿಡಿ.