ಬಾಣಂತನಕ್ಕೆ ದುಬೈಗೆ ಹೊರಟ ಅಮ್ಮನ ಬ್ಯಾಗು: ಏನಿರಬೇಕು, ಏನಿರಬಾರದು?

ಪ್ರಶ್ನೆ (ಧಾರವಾಡದಿಂದ): ಸರ್, ದುಬೈನಲ್ಲಿರುವ ತಂಗಿಗೆ ಮುಂದಿನ ತಿಂಗಳು ಹೆರಿಗೆ. ಅಮ್ಮ 60 ದಿನದ ವಿಸಿಟ್ ವೀಸಾದಲ್ಲಿ ಬಾಣಂತನಕ್ಕೆ ಹೊರಟಿದ್ದಾರೆ. ಅಂಟಿನುಂಡೆ, ಕರ್ಜಿಕಾಯಿ, ಎಲೆ-ಅಡಿಕೆ, ತಮ್ಮ ಬಿಪಿ ಮಾತ್ರೆ, ಮೊಣಕಾಲು ನೋವಿನ ಮಾತ್ರೆ, ಕೂಸಿಗೆ ಕಟ್ಟೋಕೆ ತಾಯತ, ಎಲ್ಲಾ ಕಟ್ಟಿಟ್ಟಿದ್ದಾರೆ. ಇದರಲ್ಲಿ ಯಾವುದಕ್ಕಾದರೂ ತೊಂದರೆ ಆಗುತ್ತಾ?

ಉತ್ತರ (ಕಾನೂನು ಸಲಹೆಗಾರರು, ದುಬೈ): ಉಂಡೆಗೆ ಗಸಗಸೆ ಹಾಕಿದ್ದಾರಾ, ಅದನ್ನು ಮೊದಲು ಕೇಳಿ. ಹಾಕಿದ್ದರೆ ಆ ಉಂಡೆ ಬರಬಾರದು. ಕರ್ಜಿಕಾಯಿಯ ಹೂರಣಕ್ಕೂ ಇದೇ ಮಾತು. ಯುಎಇಯಲ್ಲಿ ಗಸಗಸೆ ನಿಷಿದ್ಧ. ನಮಗೆ ಅದು ಪಾಯಸದ ಸಾಮಾನು, ಇಲ್ಲಿ ಅಫೀಮು ಗಿಡದ ಬೀಜ. ಗಿಡದ ಹಾಲು ಬೀಜಕ್ಕೆ ಅಂಟಿರುವುದರಿಂದ ಅದರಲ್ಲಿ ಮಾರ್ಫಿನ್ ಅಂಶ ಇರಬಹುದು. ಆದ್ದರಿಂದ ಇದನ್ನು ಮಾದಕವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ‘ಸ್ವಲ್ಪ ತಾನೇ’ ಅನ್ನುವ ವಾದ ನಡೆಯುವುದಿಲ್ಲ. ಮನೆಯಲ್ಲಿ ಮಾಡಿದ ಸಾಗು ಪುಡಿ, ಗರಂ ಮಸಾಲೆಯಲ್ಲೂ ಗಸಗಸೆ ಇರುತ್ತದೆ, ಅದು ನೆನಪಾಗುವುದೇ ಇಲ್ಲ. ಹಿಂದೆ ಗಸಗಸೆ ತುಂಬಿದ್ದ ಡಬ್ಬಿಯಾದರೆ ತೊಳೆದು ಬೇರೇನಾದರೂ ತುಂಬಿ.

ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಬಾಣಂತಿಗೆ ಎಲೆ-ಅಡಿಕೆ ಕೊಡುವ ಪದ್ಧತಿಯನ್ನು ಊರಲ್ಲೇ ಬಿಟ್ಟು ಬರಬೇಕು.

ತಾಯತದ ಬಗ್ಗೆ: ಮಾಟಮಂತ್ರ ಇಲ್ಲಿ ಅಪರಾಧ, ಅದರ ಸಾಮಗ್ರಿ ತರುವುದೂ ಅಪರಾಧ. 2021ರ 31ನೇ ಫೆಡರಲ್ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ಕೊರಳಲ್ಲಿರುವ ದೇವರ ಪದಕವನ್ನು ಯಾರೂ ಕೇಳುವುದಿಲ್ಲ. ಆದರೆ ಯಂತ್ರ ಬರೆದ ತಗಡು, ಬೇರು, ಭಸ್ಮ, ಕಪ್ಪು ದಾರ ಒಟ್ಟಿಗೆ ಒಂದು ಪೊಟ್ಟಣದಲ್ಲಿದ್ದರೆ ಅಧಿಕಾರಿಗೆ ಕಾಣುವುದು ಬೇರೆಯೇ. ಕುಂಕುಮ, ಅರಿಶಿನಕ್ಕೆ ಚಿಂತೆ ಬೇಡ. ಕಂಪನಿಯ ಪ್ಯಾಕೆಟ್ಟಿನಲ್ಲೇ ಇರಲಿ.

ಉತ್ತರ (ಫಾರ್ಮಸಿಸ್ಟ್, ಶಾರ್ಜಾ): ಮೊಣಕಾಲು ನೋವಿನ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಪ್ಯಾರಾಸಿಟಮಾಲ್ ಜೊತೆ ‘ಟ್ರಮಡಾಲ್’ ಎಂದಿದ್ದರೆ ಅದು ಇಲ್ಲಿ ನಿಯಂತ್ರಿತ ಔಷಧ. ನಮ್ಮೂರಲ್ಲಿ ಮೂಳೆ ಡಾಕ್ಟರು ಈ ಜೋಡಿಯನ್ನು ಸಲೀಸಾಗಿ ಬರೆಯುತ್ತಾರೆ, ಎಡವಟ್ಟಾಗುವುದು ಅಲ್ಲೇ. ನರನೋವಿನ ಪ್ರಿಗ್ಯಾಬಲಿನ್, ನಿದ್ದೆಗೆ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಾಮ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಅದೇ ಗುಂಪಿನವು.

ಬಿಪಿಯ ಆಮ್ಲೋಡಿಪಿನ್, ಶುಗರಿನ ಮೆಟ್‌ಫಾರ್ಮಿನ್‌ನಂಥವುಗಳಿಗೆ ತಕರಾರಿಲ್ಲ. ಮೂಲ ಸ್ಟ್ರಿಪ್‌ನಲ್ಲೇ ಇರಲಿ, ವಾರದ ಡಬ್ಬಿಗೆ ಬಿಡಿಸಿ ತುಂಬಬೇಡಿ. ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕ ಔಷಧದ ಮೂಲ ಹೆಸರನ್ನೂ ಟೈಪ್ ಮಾಡಿಸಿ. ಭಾರತದ ಬ್ರ್ಯಾಂಡು ಇಲ್ಲಿನವರಿಗೆ ಗೊತ್ತಿರುವುದಿಲ್ಲ, ಕೈಬರಹ ಅಂತೂ ಯಾರಿಗೂ ಓದಲು ಬರುವುದಿಲ್ಲ. ಲೇಬಲ್ ಇಲ್ಲದ ಕಷಾಯದ ಪುಡಿ, ಚೂರ್ಣ ತರಬೇಡಿ. ಓಮ, ಶುಂಠಿ, ಮೆಂತ್ಯೆ ಇಲ್ಲಿನ ಅಂಗಡಿಯಲ್ಲೇ ಸಿಗುತ್ತವೆ.

ಪ್ರಶ್ನೆ: ಮಾತ್ರೆಯಲ್ಲಿ ಟ್ರಮಡಾಲ್ ಇದೆ ಸರ್. ಡಾಕ್ಟರ ಚೀಟಿ ಇದ್ದರೆ ಸಾಕಲ್ಲವೇ?

ಉತ್ತರ (ಫಾರ್ಮಸಿಸ್ಟ್): ಸಾಲದು. ಹೊರಡುವ ಮೊದಲೇ ಯುಎಇ ಸರ್ಕಾರದ ಜಾಲತಾಣದಲ್ಲಿ ಪಾಸ್‌ಪೋರ್ಟ್ ಪ್ರತಿ, ಚೀಟಿ, ವೈದ್ಯಕೀಯ ವರದಿ ಹಾಕಿ ಅನುಮತಿ ಪಡೆಯಬೇಕು, ಅದರ ಪ್ರಿಂಟ್ ಕೈಯಲ್ಲಿರಬೇಕು. ಇನ್ನೂ ಸುಲಭದ ದಾರಿ ಎಂದರೆ ಅದೇ ಡಾಕ್ಟರ ಹತ್ತಿರ ಹೋಗಿ, ಎರಡು ತಿಂಗಳ ಮಟ್ಟಿಗೆ ಬೇರೆ ನೋವಿನ ಮಾತ್ರೆ ಬರೆಸಿಕೊಳ್ಳುವುದು.

ಪ್ರಶ್ನೆ (ಶಿವಮೊಗ್ಗದಿಂದ): ನಮ್ಮದೂ ಇದೇ ಪರಿಸ್ಥಿತಿ. ಮಗಳ ಮದುವೆ ದೇವಸ್ಥಾನದಲ್ಲಾಯಿತು, ರಿಜಿಸ್ಟರ್ ಮಾಡಿಸಿಲ್ಲ. ಹೆರಿಗೆಗೆ ಅದೂ ಬೇಕಾ?

ಉತ್ತರ (ಕಾನೂನು ಸಲಹೆಗಾರರು): ಬೇಕು ಮೇಡಂ. ಮಗುವಿನ ಜನನ ಪ್ರಮಾಣಪತ್ರಕ್ಕೆ ಮದುವೆಯ ದಾಖಲೆ ಕೇಳುತ್ತಾರೆ. ಲಗ್ನಪತ್ರಿಕೆ, ಫೋಟೋ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ, ಯುಎಇ ರಾಯಭಾರ ಕಚೇರಿಯ ಮುದ್ರೆ ಈ ಕ್ರಮದಲ್ಲೇ ಸಾಗಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಪಡೆಯಬೇಕು. ಒಂದು ಹಂತ ಬಿಟ್ಟರೆ ಮುಂದಿನವರು ಮುಟ್ಟುವುದಿಲ್ಲ. ‘ಅಪೊಸ್ಟಿಲ್ (ಒಪ್ಪಂದದಲ್ಲಿರುವ ದೇಶಗಳ ನಡುವೆ ನಡೆಯುವ ಒಂದೇ ಮುದ್ರೆಯ ದೃಢೀಕರಣ) ಸಾಕು’ ಎನ್ನುವ ಏಜೆಂಟರ ಮಾತಿಗೆ ದುಡ್ಡು ಕೊಡಬೇಡಿ, ಯುಎಇ ಆ ಒಪ್ಪಂದದಲ್ಲಿಲ್ಲ. ಮಗು ಹುಟ್ಟಿದ 120 ದಿನದೊಳಗೆ ಅದರ ಪಾಸ್‌ಪೋರ್ಟ್, ರೆಸಿಡೆನ್ಸ್ ವೀಸಾ ಎರಡೂ ಆಗಬೇಕು. ಆದ್ದರಿಂದ ಈ ಓಡಾಟವನ್ನು ಹೆರಿಗೆಗೆ ಮೊದಲೇ ಮುಗಿಸಿ.

ನಿಮ್ಮ ವೀಸಾ ಅವಧಿಯ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ. ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ.

ಪ್ರಶ್ನೆ (ಉಡುಪಿಯಿಂದ): ಆಸ್ಪತ್ರೆಯಲ್ಲಿ ಕೂಸಿನ ಫೋಟೋ ತೆಗೆದು ಗ್ರೂಪಿಗೆ ಹಾಕಬಹುದಾ? ಹಾಗೇ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಲ್ಲಿನ ನಮ್ಮವರ ಗ್ರೂಪಿನಲ್ಲಿ ವಂತಿಗೆ ಎತ್ತುವುದಾ ಅಂತ ಇದ್ದೇವೆ.

ಉತ್ತರ (ಕಾನೂನು ಸಲಹೆಗಾರರು): ನಿಮ್ಮ ಕೂಸು, ನಿಮ್ಮ ಫೋಟೋ. ಆದರೆ ಚೌಕಟ್ಟಿನೊಳಗೆ ಪಕ್ಕದ ಹಾಸಿಗೆಯವರು, ನರ್ಸ್ ಬರಬಾರದು. ಒಪ್ಪಿಗೆಯಿಲ್ಲದೆ ಬೇರೆಯವರ ಚಿತ್ರ ತೆಗೆಯುವುದು, ಹಂಚುವುದು 2021ರ 34ನೇ ಸೈಬರ್ ಕಾನೂನಿನಡಿ ಜೈಲಾಗುವಂಥ ಅಪರಾಧ. ಅದೇ ಕಾನೂನಿನಲ್ಲಿ ಆನ್‌ಲೈನ್ ಬೈಗುಳಕ್ಕೆ 2.5 ಲಕ್ಷದಿಂದ 5 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಸಿಟ್ಟಿನಲ್ಲಿ ಬೈದು ಕಳಿಸುವ ವಾಟ್ಸಾಪ್ ವಾಯ್ಸ್ ಮೆಸೇಜೂ ಅದರಲ್ಲಿ ಬರುತ್ತದೆ.

ವಂತಿಗೆ ಖಂಡಿತ ಬೇಡ. 2021ರ ದೇಣಿಗೆ ಕಾನೂನಿನ ಪ್ರಕಾರ ಪರವಾನಗಿ ಇರುವ ಸಂಸ್ಥೆ ಮಾತ್ರ ಹಣ ಸಂಗ್ರಹಿಸಬಹುದು. ಕ್ಯೂಆರ್ ಕೋಡ್ ಇರುವ ಮನವಿಪತ್ರವನ್ನು ಯುಎಇಯಲ್ಲಿ ಕೂತು ಫಾರ್ವರ್ಡ್ ಮಾಡಿದವರೂ ಸಿಕ್ಕಿಬೀಳಬಹುದು.

ಪ್ರಶ್ನೆ (ಧಾರವಾಡದಿಂದ): ಅಮ್ಮ ಉಂಡೆ ಹೊಸದಾಗಿ ಕಟ್ಟುತ್ತಾರಂತೆ. ಗಸಗಸೆ ಇಲ್ಲದೆ ಹದ ಬರೋದಿಲ್ಲ ಅಂತ ಮುನಿಸು. ಅಲ್ಲಿ ಏನು ಹಾಕ್ತಾರೆ?

ಉತ್ತರ (ಫಾರ್ಮಸಿಸ್ಟ್): ಅಷ್ಟೇ ಅಳತೆಯ ಕರ್ಬೂಜದ ಬೀಜ ಹುರಿದು, ತರಿತರಿಯಾಗಿ ಕುಟ್ಟಿ ಹಾಕಿ. ಎಳ್ಳೂ ಆಗುತ್ತದೆ, ಆದರೆ ಉಷ್ಣ ಅಂತ ಅಮ್ಮನೇ ಬೇಡ ಅನ್ನಬಹುದು. ಎಲೆ-ಅಡಿಕೆಯ ಬದಲು ಊಟವಾದ ಮೇಲೆ ಹುರಿದ ಸೋಂಪು, ಓಮ ಕೊಡಿ. ಮೆಟ್ರೋದಲ್ಲಿ ಮಾತ್ರ ಅದನ್ನೂ ಬಾಯಿಗೆ ಹಾಕಬಾರದು, ತಿಂದರೆ 100 ದಿರ್ಹಮ್ ದಂಡ.