ಪದಚರ್ಚೆ: ಹಂದಿಬೇಟೆಯ ಬಾಣಕ್ಕೆ ‘ತಲೆ’ಯೋ ‘ಅಲಗೋ’?

ಗೆಳೆಯರೇ,

ಬಾಣಕ್ಕೆ ಸಂಬಂಧಿಸಿದ ನಾಲ್ಕೈದು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮೊದಲು ಇದು ಎಲ್ಲಿಂದ ಶುರುವಾಯಿತು ಅಂತ ಹೇಳುತ್ತೇನೆ.

ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಕಾಡುಹಂದಿಗಳ ಕಾಟ ಬಹಳ ಜಾಸ್ತಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಇವೆ ಎಂಬ ಅಂದಾಜಿದೆ. ಸ್ಪೇನಿನವರ ಕಾಲದಲ್ಲಿ ಬಂದ ಸಾಕುಹಂದಿಗಳು ಕಾಡು ಸೇರಿದವು. ಆಮೇಲೆ ಬೇಟೆಗೆಂದೇ ತಂದು ಬಿಟ್ಟ ಯುರೋಪಿನ ಕಾಡುಹಂದಿಗಳ ಜೊತೆ ಬೆರೆತವು. ಒಂದೇ ರಾತ್ರಿಯಲ್ಲಿ ಜೋಳದ ಹೊಲ ಉತ್ತು ಹಾಕಿದ ಹಾಗೆ ಮಾಡಿಬಿಡುತ್ತವೆ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಲೈಸೆನ್ಸ್ ಕೂಡ ಬೇಕಿಲ್ಲ. ಕೆಲವರು ಬಂದೂಕು ಬಿಟ್ಟು ಬಿಲ್ಲು ಹಿಡಿಯುತ್ತಾರೆ. ಅವರಲ್ಲಿ ನಾನೂ ಒಬ್ಬ.

ಹೋದ ಚಳಿಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಭಾವ ಬಂದಿದ್ದರು. ಅವರಿಗೆ ಕೋವಿಯ ಮಾತೆಲ್ಲ ಗೊತ್ತು, ಬಿಲ್ಲಿನದು ಗೊತ್ತಿಲ್ಲ. ಅವರಿಗೆಂದು ಬಾಣ ಆರಿಸುವ ಬಗ್ಗೆ ಒಂದೆರಡು ಪುಟ ಕನ್ನಡದಲ್ಲಿ ಬರೆದೆ. ಬೇಟೆಯ ಬಾಣದ ತುದಿಗೆ ಹಾಕುವ, ಹರಿತ ಅಂಚಿನ ಬ್ರಾಡ್‌ಹೆಡ್‌ಗೆ ‘ಅಗಲ ತಲೆ’ ಎಂದು ಹಾಕಿದ್ದೆ. ಭಾವ ಓದಿ ಕೇಳಿದರು: “ಬಾಣದ ತಲೆ ಅಂದ್ರೆ ಯಾವ ಕಡೆನೋ? ಗರಿ ಇರೋ ಕಡೆನಾ, ಚುಚ್ಚೋ ಕಡೆನಾ?”

ಅವರು ಕೇಳಿದ್ದು ಸರಿ. ಕನ್ನಡದಲ್ಲಿ ಬಾಣಕ್ಕೆ ತಲೆ ಇಲ್ಲ. ಮೊನೆ ಇದೆ, ಅಲಗು ಇದೆ. ಹಾಗಾಗಿ ಈಗ ಹೀಗೆ ತಿದ್ದಿಕೊಂಡಿದ್ದೇನೆ. ಅಭ್ಯಾಸಕ್ಕೆ ಹಾಕುವ ದುಂಡನೆಯ ಲೋಹದ ತುದಿ ‘ಮೊನೆ’. ಬೇಟೆಗೆ ಹಾಕುವ, ಕೊಯ್ಯುವ ತುದಿ ‘ಅಲಗು’. ಮೊನೆ ಚುಚ್ಚುತ್ತದೆ, ಅಲಗು ಕತ್ತರಿಸುತ್ತದೆ. ಬೇಟೆಯಲ್ಲಿ ಬಾಣ ಕೊಲ್ಲುವುದು ಏಟಿನ ಜೋರಿನಿಂದಲ್ಲ, ಕೊಯ್ತದಿಂದ, ರಕ್ತ ಹೋಗುವುದರಿಂದ. ಆ ವ್ಯತ್ಯಾಸ ಪದದಲ್ಲೇ ಕಾಣಬೇಕು.

ಒಂದು ತೊಡಕಿದೆ. ‘ಎರಡಲಗಿನ ಕತ್ತಿ’ ಎನ್ನುವಾಗ ಅಲಗು ಎಂದರೆ ಅಂಚು. ಅಲಗನ್ನು ಇಡೀ ತುದಿಗೆ ಇಟ್ಟುಕೊಂಡರೆ ಅಂಚಿಗೆ ಏನು ಹೇಳುವುದು? ನನಗೆ ‘ಬಾಯಿ’ ಹಿಡಿಸಿತು. ಕತ್ತಿಗೆ ಬಾಯಿ ಇದೆ, ಕುಡುಗೋಲಿಗೂ ಇದೆ. ಹಾಗಾದರೆ ‘ಎರಡು ಬಾಯಿಯ ಅಲಗು’, ‘ಮೂರು ಬಾಯಿಯ ಅಲಗು’ ಎನ್ನಬಹುದು ಅಲ್ವಾ? ಬಾಣ ಬಿಡುವಾಗ ಮಡಿಚಿಕೊಂಡಿದ್ದು, ತಾಗಿದಾಗ ತೆರೆದುಕೊಳ್ಳುವ ಜಾತಿಯೂ ಇದೆ. ಅದಕ್ಕೆ ‘ಬಿಚ್ಚುವ ಅಲಗು’, ಇನ್ನೊಂದಕ್ಕೆ ‘ಬಿಚ್ಚದ ಅಲಗು’. ಹಂದಿಗೆ ನಾನು ಬಿಚ್ಚದ, ಎರಡು ಬಾಯಿಯ ಅಲಗನ್ನೇ ಹಾಕುತ್ತೇನೆ. ಬಿಚ್ಚುವುದಕ್ಕೇ ಬಾಣದ ಒಂದಷ್ಟು ಬಲ ಖರ್ಚಾಗುತ್ತದೆ. ಹಂದಿಯ ಮೈಯಲ್ಲಿ ಆ ಬಲ ಬೇಕೇ ಬೇಕು.

ಯಾಕೆಂದರೆ ದೊಡ್ಡ ಗಂಡುಹಂದಿಗೆ ಎರಡೂ ಹೆಗಲ ಮೇಲೆ, ಚರ್ಮದ ಕೆಳಗೆ, ದಪ್ಪನೆಯ ಗಡಸು ಪದರ ಬೆಳೆದಿರುತ್ತದೆ. ಗಂಡುಗಳು ಕೋರೆಯಿಂದ ತಿವಿದಾಡುವಾಗ ಅದೇ ರಕ್ಷೆ. ವಯಸ್ಸಾದಂತೆ ಇನ್ನೂ ದಪ್ಪಗಾಗುತ್ತದೆ. ಒಂದು ಇಂಚಿನಷ್ಟಿದ್ದದ್ದನ್ನು ನಾನೇ ಕೊಯ್ದು ನೋಡಿದ್ದೇನೆ. ಇಂಗ್ಲಿಷಿನವರು ಇದಕ್ಕೆ ಗುರಾಣಿ ಎನ್ನುತ್ತಾರೆ. ಗುರಾಣಿ ಕೈಯಲ್ಲಿ ಹಿಡಿಯುವಂಥದ್ದು, ನನಗ್ಯಾಕೋ ಒಗ್ಗಲಿಲ್ಲ. ಚಪ್ಪಲಿಯ ಅಟ್ಟೆ ನೆನಪಾಗಿ ಸದ್ಯಕ್ಕೆ ‘ಹೆಗಲಟ್ಟೆ’ ಎಂದು ಬರೆದಿದ್ದೇನೆ.

ಇಲ್ಲಿ ಕ್ರಿಯಾಪದದ ಪ್ರಶ್ನೆಯೂ ಬರುತ್ತದೆ. ‘ಬಾಣ ನಾಟಿತು’ ಎಂದರೆ ನಮಗೆ ಗುರಿ ತಲುಪಿದ ಹಾಗೆ ಕೇಳಿಸುತ್ತದೆ. ಹಂದಿಯ ವಿಷಯದಲ್ಲಿ ಬಾಣ ನಾಟಿ ನಿಂತರೆ ಕಷ್ಟ. ಕೊಬ್ಬು, ಒತ್ತುಗೂದಲು ಎರಡೂ ಸೇರಿ ಗಾಯವನ್ನು ಮುಚ್ಚಿಬಿಡುತ್ತವೆ. ನೆಲದ ಮೇಲೆ ರಕ್ತ ಬೀಳುವುದೇ ಇಲ್ಲ. ಹಂದಿ ಪೊದೆ ಸೇರಿ ನರಳುತ್ತದೆ, ನಮಗೆ ಸಿಕ್ಕುವುದಿಲ್ಲ. ಆ ಪಾಪ ನನಗೆ ಬೇಡ. ಬಾಣ ಒಂದು ಮಗ್ಗುಲಲ್ಲಿ ಹೊಕ್ಕು ಇನ್ನೊಂದು ಮಗ್ಗುಲಲ್ಲಿ ಕೆಳಗಿನಿಂದ ಹೊರಬರಬೇಕು. ಇದಕ್ಕೆ ಹಳಗನ್ನಡದಲ್ಲಿ ಒಳ್ಳೆಯ ಮಾತಿದೆ: ‘ಉರ್ಚು’. ಚುಚ್ಚಿಕೊಂಡು ಆಚೆ ಹೋಗುವುದು. ‘ನಾಟಬಾರದು, ಉರ್ಚಬೇಕು’ ಎಂದು ಬರೆದರೆ ಇವತ್ತಿನವರಿಗೆ ಅರ್ಥವಾಗುತ್ತದೆಯೇ? ಅಥವಾ ‘ತೂರಿ ಹೋಗಬೇಕು’ ಎಂದರೆ ಸಾಕೇ?

ಇನ್ನು ಬಾಣದ ಕಡ್ಡಿ. ಅದಕ್ಕೆ ‘ಕೋಲು’ ಎಂದಿದ್ದೇನೆ. ಹೆದೆಗೆ ಸಿಕ್ಕಿಸುವ ಹಿಂಬದಿಯ ಸೀಳಿಗೆ ‘ಕಚ್ಚು’. ಹೆದೆಯನ್ನು ಕಚ್ಚಿ ಹಿಡಿಯುವುದು ಅದೇ ತಾನೆ. ಗರಿಗೆ ಗರಿಯೇ ಸಾಕು, ಪ್ಲಾಸ್ಟಿಕ್ಕಿನದಾದರೂ.

ನನಗೆ ಅತಿ ಖುಷಿ ಕೊಟ್ಟ ಪದ ಬೇರೆ ಇದೆ. ಕೋಲು ಎಷ್ಟು ಬಿಗಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಪೈನ್’ ಎನ್ನುತ್ತಾರೆ. ಬೆನ್ನೆಲುಬು ಎಂದು ಕನ್ನಡಿಸಿದರೆ ಏನೂ ತಿಳಿಯುವುದಿಲ್ಲ. ಅದನ್ನು ಅಳೆಯುವ ಕ್ರಮ ನೋಡಿ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಕೋಲನ್ನು ಇಟ್ಟು, ನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕ ನೇತು ಹಾಕುತ್ತಾರೆ. ಇಂಚಿನ ಸಾವಿರದಲ್ಲಿ 400 ಭಾಗ ಬಾಗಿದರೆ ಆ ಕೋಲು 400. ಸಂಖ್ಯೆ ಜಾಸ್ತಿಯಾದರೆ ಕೋಲು ಮೆತ್ತಗೆ. ಹೊಸಬರೆಲ್ಲ ಎಡವುವುದು ಇಲ್ಲೇ, 500 ಎಂದರೆ 300ಕ್ಕಿಂತ ಗಟ್ಟಿ ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಇದನ್ನು ‘ಬಾಗು’ ಎಂದು ಕರೆದುಬಿಟ್ಟರೆ ಗೊಂದಲವೇ ಇಲ್ಲ. 500 ಬಾಗು 300 ಬಾಗಿಗಿಂತ ಜಾಸ್ತಿ ಬಾಗುತ್ತದೆ, ಅಷ್ಟೆ. ಮುಂದೆ ಭಾರದ ಅಲಗು ಹಾಕಿದಷ್ಟೂ ಬಿಟ್ಟ ಕೂಡಲೇ ಕೋಲು ಹೆಚ್ಚು ಬಳುಕುತ್ತದೆ. ಆದ್ದರಿಂದ ಕಡಿಮೆ ಬಾಗಿನ ಕೋಲು ಬೇಕು. ಭಾವ ಇದನ್ನು ಒಂದೇ ಸಲಕ್ಕೆ ಹಿಡಿದುಕೊಂಡರು.

ತೂಕದ ಅಳತೆ ‘ಗ್ರೇನ್’. ಒಂದು ಪೌಂಡಿಗೆ 7000. ಹಿಂದೆ ಬಾರ್ಲಿ ಕಾಳಿನ ತೂಕದ ಮೇಲೆ ನಿಂತ ಅಳತೆ ಅದು, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. ಒಂದು ಗುಲಗಂಜಿ ಎರಡು ಗ್ರೇನ್‌ಗೆ ತುಸು ಕಡಿಮೆ. ಆದರೆ ಅಂಗಡಿಯ ಡಬ್ಬಿಯ ಮೇಲೆ ಗ್ರೇನ್ ಎಂದೇ ಇರುವುದರಿಂದ ಅದನ್ನು ಹಾಗೇ ಬಿಟ್ಟಿದ್ದೇನೆ. 125 ಗ್ರೇನ್ ಅಲಗು ಎಂದರೆ ಸುಮಾರು 8 ಗ್ರಾಂ. ಹಂದಿಗೆ ನನ್ನ ಇಡೀ ಬಾಣ 550 ಗ್ರೇನ್, ಸುಮಾರು 36 ಗ್ರಾಂ. ಜಿಂಕೆಗೆ ಹಲವರು ಇದಕ್ಕಿಂತ ಹಗುರ ಬಾಣ ಬಳಸುತ್ತಾರೆ.

ಗುರಿಯ ಜಾಗ ಹೇಳುವುದಕ್ಕೂ ಪದ ಬೇಕಾಯಿತು. ಹಂದಿಯ ಗುಂಡಿಗೆ, ಶ್ವಾಸಕೋಶ ಎರಡೂ ಜಿಂಕೆಯದಕ್ಕಿಂತ ಮುಂದಕ್ಕೆ, ತಗ್ಗಿನಲ್ಲಿ ಇರುತ್ತವೆ. ಜಿಂಕೆಗೆ ಹಿಡಿದ ಹಾಗೆ ಹೆಗಲ ಹಿಂದೆ ಗುರಿ ಹಿಡಿದರೆ ಬಾಣ ಕರುಳಿಗೆ ಹೋಗುತ್ತದೆ. ಹಂದಿ ನಮ್ಮಿಂದ ಸ್ವಲ್ಪ ಆಚೆ ತಿರುಗಿ ನಿಂತಾಗ, ಹೆಗಲಟ್ಟೆಯ ಹಿಂದಿನಿಂದ ಹೊಕ್ಕು ಎದುರಿನ ಮುಂಗಾಲಿನ ಕಡೆಗೆ ಸಾಗುವಂತೆ ಹೊಡೆಯುವುದು ಉತ್ತಮ. ಈ ನಿಲುವಿಗೆ ‘ಓರೆಬೆನ್ನು’ ಎಂದಿದ್ದೇನೆ. ಒಳ್ಳೆಯದು ಗೊತ್ತಿದ್ದರೆ ಹೇಳಿ.

ಹಂದಿ, ಬೇಟೆ ಎರಡೂ ನಮ್ಮ ಭಾಷೆಗೆ ಹೊಸತಲ್ಲ. ಮದ್ದೂರು ತಾಲೂಕಿನ ಆತಕೂರು ಶಾಸನ ಹತ್ತನೆಯ ಶತಮಾನದ್ದು. ಕಾಳಿ ಎಂಬ ನಾಯಿ ದೊಡ್ಡ ‘ಪಂದಿ’ಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತದ್ದನ್ನು ಅದು ಹೇಳುತ್ತದೆ. ಕಿರಾತನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು ಜಗಳವಾಡಿದ ಕಥೆ ಮಕ್ಕಳಿಗೂ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಂತಿತು. ನಿಲ್ಲಬೇಕಾಗಿತ್ತು ಕೂಡ. ಆದರೆ ಮಾತುಗಳು ಇನ್ನೂ ಹಿರಿಯರ ಬಾಯಲ್ಲಿವೆ. ಮರದ ಮೇಲೆ ಕಾದು ಕೂರುವುದಕ್ಕೆ ಭಾವ ‘ಮರಸು ಕೂರುವುದು’ ಎಂದರು. ಹಿಂಡು ಬಿಟ್ಟ ಗಂಡಿಗೆ ‘ಒಂಟಿಗ’ ಎಂದರು. ಎರಡನ್ನೂ ಹಾಗೇ ಬರೆದುಕೊಂಡೆ.

ಹೆಗಲ ಮೇಲಿನ ಆ ಗಡಸು ಪದರಕ್ಕೆ ಮಾತ್ರ ಅವರಿಗೂ ಹೆಸರು ಹೊಳೆಯಲಿಲ್ಲ. “ಅಪ್ಪ ಏನೋ ಅಂತಿದ್ರು, ಮರೆತೆ” ಎಂದರು. ಮಲೆನಾಡು, ಕೊಡಗು, ಚಾಮರಾಜನಗರದ ಕಡೆಯವರು ಇದ್ದರೆ ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ಬರೆಯುತ್ತೀರಾ? ಅವರು ಹೇಳುವ ಹೆಸರು ಸಿಕ್ಕರೆ ‘ಹೆಗಲಟ್ಟೆ’ ತೆಗೆದು ಅದನ್ನೇ ಹಾಕುತ್ತೇನೆ.